ಐದು ಬೆರಳು, ಎರಡು ಸೆಂಟಿಮೀಟರು

ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಆಳವಾದ ಸೀಳು ಮಿದುಳಿನ ಎರಡೂ ಬದಿಯಲ್ಲಿದೆ. ಆ ಸೀಳಿನ ಮುಂದಿನ ಮಡಿಕೆ ಕೈಕಾಲು ಆಡಿಸುವುದಕ್ಕೆ, ಹಿಂದಿನ ಮಡಿಕೆ ಮುಟ್ಟಿದ್ದನ್ನು ಅರಿಯುವುದಕ್ಕೆ. ಹಿಂದಿನ ಮಡಿಕೆಯ ನಡುಭಾಗದಲ್ಲಿ ಐದು ಬೆರಳುಗಳು ಸಾಲಾಗಿ ನೆಲೆಸಿವೆ. ಕೆಳಗಡೆ ಹೆಬ್ಬೆರಳು, ಅದರ ಮೇಲೆ ತೋರುಬೆರಳು, ಹೀಗೆ ಏರುತ್ತ ಹೋದರೆ ಕೊನೆಗೆ ಕಿರುಬೆರಳು. ಬಲಗೈಯ ಬೆರಳುಗಳು ಎಡಮಿದುಳಿನಲ್ಲಿ, ಎಡಗೈಯವು ಬಲಮಿದುಳಿನಲ್ಲಿ. ಇಡೀ ಸಾಲಿನ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು.

ಇಷ್ಟನ್ನು ತಿಳಿಯಲು ನೂರೈವತ್ತು ವರ್ಷ ಹಿಡಿಯಿತು. ಆ ವರ್ಷಗಳ ಕಥೆಯಲ್ಲಿ ಕರೆಂಟು, ರಕ್ತ, ಅಯಸ್ಕಾಂತ ಎಲ್ಲವೂ ಬರುತ್ತವೆ. ಆದರೆ ಇವೆಲ್ಲದರ ಅಡಿಯಲ್ಲಿ ಒಂದೇ ಪ್ರಶ್ನೆ ಹರಿದುಬಂದಿದೆ ಎಂದು ನನಗೆ ಅನಿಸುತ್ತದೆ: ಬೆರಳಿಗೆ ಏನಾಯಿತು ಎಂಬುದನ್ನು ಯಾರ ಮಾತಿನ ಮೇಲೆ ನಂಬಬೇಕು? ಆ ಬೆರಳಿನ ಒಡೆಯನ ಮಾತಿನ ಮೇಲೋ, ಅವನ ತಲೆಯನ್ನು ಹೊರಗಿನಿಂದ ನೋಡುವ ಯಂತ್ರದ ಮೇಲೋ?

ಮೊದಲ ಸುಳಿವು ಸಿಕ್ಕಿದ್ದು ಫಿಟ್ಸ್ ಬರುವವರಿಂದ. 1860ರ ದಶಕದಲ್ಲಿ ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಒಂದು ಬಗೆಯ ಮೂರ್ಛೆಯನ್ನು ತಾಳ್ಮೆಯಿಂದ ಗಮನಿಸುತ್ತ ಬಂದರು. ಅದು ಒಮ್ಮೆಗೇ ಮೈಯನ್ನೆಲ್ಲ ಹಿಡಿಯುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳಿನಲ್ಲಿ ಅದುರಿಕೆ ಶುರುವಾಗಿ ಮಣಿಕಟ್ಟಿಗೆ, ಮೊಣಕೈಗೆ, ಭುಜಕ್ಕೆ, ಮುಖಕ್ಕೆ ಒಂದು ಕ್ರಮದಲ್ಲಿ ಹರಡುತ್ತಿತ್ತು. ಸ್ವತಃ ಅವರ ಪತ್ನಿಗೂ ಇಂಥ ಫಿಟ್ಸ್ ಬರುತ್ತಿತ್ತು. ಮನೆಯವರ ನರಳಾಟವನ್ನು ಹತ್ತಿರದಿಂದ ಕಂಡ ಒಬ್ಬ ವೈದ್ಯ ಅದರಲ್ಲೂ ಕ್ರಮವನ್ನು ಗುರುತಿಸಿದ್ದು ಸುಲಭದ ಸಂಗತಿಯಲ್ಲ. ಮೈಯ ಮೇಲೆ ಅದುರಿಕೆ ಹೀಗೆ ಸಾಲಾಗಿ ನಡೆಯುತ್ತದೆಂದರೆ ಮಿದುಳಿನಲ್ಲೂ ಆ ಅಂಗಗಳು ಅದೇ ಸಾಲಿನಲ್ಲಿ ಇರಬೇಕು ಎಂದು ಜಾಕ್ಸನ್ ಊಹಿಸಿದರು. ಆಗ ಯಾರೂ ಆ ಸಾಲನ್ನು ಕಂಡಿರಲಿಲ್ಲ.

1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ಸಣ್ಣ ಕರೆಂಟು ಮುಟ್ಟಿಸಿ ಕಾಲು ಆಡುವಂತೆ ಮಾಡಿದರು. ಚಲನೆಯ ಭಾಗವನ್ನು ಹೀಗೆ ಪ್ರಾಣಿಗಳಲ್ಲಿ ಪತ್ತೆ ಮಾಡಬಹುದಿತ್ತು. ಸ್ಪರ್ಶದ ವಿಷಯದಲ್ಲಿ ಹಾಗಾಗದು. ಕಾಲು ಆಡಿದರೆ ನೋಡಿದವರಿಗೆ ಕಾಣುತ್ತದೆ, ಜುಮ್ಮೆಂದರೆ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬಲ್ಲ ಜೀವವೇ ಬೇಕು.

ಆ ಮಾತನ್ನು ಕೇಳಿಸಿಕೊಂಡವರು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್. ತಲೆಬುರುಡೆ ತೆರೆದು, ಎಚ್ಚರವಾಗಿದ್ದ ಇಬ್ಬರು ರೋಗಿಗಳ ಮಿದುಳಿನಲ್ಲಿ ಸೀಳಿನ ಹಿಂಬದಿಗೆ ಅವರು ಕರೆಂಟು ಮುಟ್ಟಿಸಿದರು. ಕೈ ಆಡಲಿಲ್ಲ. ಆದರೆ ಕೈಗೆ ಏನೋ ಆದಂತಾಯಿತು ಎಂದು ರೋಗಿಗಳು ಹೇಳಿದರು. 1909ರಲ್ಲಿ ಪ್ರಕಟವಾದ ಈ ಚಿಕ್ಕ ಟಿಪ್ಪಣಿಯಿಂದ ಸೀಳಿನ ಮುಂದೆ ಚಲನೆ, ಹಿಂದೆ ಸ್ಪರ್ಶ ಎಂಬುದು ಮನುಷ್ಯನಲ್ಲೇ ತೋರಿಬಂತು. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿದರೆ ಮನುಷ್ಯ ಮಾತಾಡುತ್ತಿರುವಾಗಲೇ ಅವನ ಮಿದುಳನ್ನು ಮುಟ್ಟಬಹುದು. ಮುಂದಿನದೆಲ್ಲ ಸಾಧ್ಯವಾದದ್ದು ಈ ಒಂದು ಕಾರಣದಿಂದ.

ಈ ಕೆಲಸವನ್ನು ಜೀವನದ ಕೆಲಸವಾಗಿ ಹಿಡಿದವರು ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್. 1928ರಲ್ಲಿ ಅವರು ಬ್ರೆಸ್ಲಾವ್‌ಗೆ, ಅಂದರೆ ಇಂದಿನ ಪೋಲೆಂಡಿನ ವ್ರಾಟ್ಸ್‌ವಾಫ್‌ಗೆ, ಓಟ್‌ಫ್ರಿಡ್ ಫೊರ್ಸ್ಟರ್ ಎಂಬ ವೈದ್ಯರ ಬಳಿ ಕಲಿಯಲು ಹೋದರು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗಾಯವಾಗಿ, ಮಾಯ್ದ ಗಾಯದ ಕಲೆಯಿಂದಲೇ ಫಿಟ್ಸ್ ಬರುತ್ತಿದ್ದ ಸೈನಿಕರಿಗೆ ಫೊರ್ಸ್ಟರ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕಲೆಯನ್ನು ಕತ್ತರಿಸಿ ತೆಗೆದರೆ ಫಿಟ್ಸ್ ನಿಲ್ಲಬಹುದು. ಆದರೆ ಜೊತೆಗೆ ಕೈಯೇ ನಿಷ್ಪ್ರಯೋಜಕವಾದರೆ? ಎಲ್ಲಿ ಕತ್ತರಿಸಬಹುದು, ಎಲ್ಲಿ ಕೂಡದು ಎಂದು ಅರಿಯಲು ಅವರು ಎಚ್ಚರವಾಗಿದ್ದ ರೋಗಿಯ ಮಿದುಳಿಗೆ ಕರೆಂಟು ಮುಟ್ಟಿಸಿ ನೋಡುತ್ತಿದ್ದರು. ಪೆನ್‌ಫೀಲ್ಡ್ ಈ ವಿದ್ಯೆಯನ್ನು ಕೆನಡಾಕ್ಕೆ ತಂದರು. 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಬಾಗಿಲು ತೆರೆಯಿತು.

ಅಲ್ಲಿನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊದಿಕೆಯ ಬಟ್ಟೆಗಳ ಒಂದು ಬದಿಯಲ್ಲಿ ತೆರೆದ ಮಿದುಳು, ಇನ್ನೊಂದು ಬದಿಯಲ್ಲಿ ರೋಗಿಯ ಮುಖ. ವೈದ್ಯ ಒಂದು ಬಿಂದುವಿಗೆ ಕಡ್ಡಿ ಮುಟ್ಟಿಸುತ್ತಾರೆ. ಹೆಬ್ಬೆರಳು ಜುಮ್ಮೆಂದಿತು ಎಂದು ರೋಗಿ ಹೇಳಿದರೆ ಆ ಬಿಂದುವಿನ ಮೇಲೆ ಅಂಕಿ ಬರೆದ ಕಾಗದದ ಪುಟ್ಟ ಚೂರನ್ನು ಇಡುತ್ತಾರೆ. ಅವನ ಮಾತನ್ನು ಬರೆದುಕೊಳ್ಳಲಾಗುತ್ತದೆ. ಕೊನೆಗೆ ಅಂಕಿಗಳೆಲ್ಲ ಹರಡಿಕೊಂಡ ಮಿದುಳಿನ ಫೋಟೊ ತೆಗೆಯಲಾಗುತ್ತದೆ. ರೋಗಿ ಊಹಿಸಿ ಹೇಳುತ್ತಿದ್ದಾನೆಯೇ ಎಂಬ ಅನುಮಾನಕ್ಕೂ ಪೆನ್‌ಫೀಲ್ಡ್ ಜಾಗ ಬಿಟ್ಟಿರಲಿಲ್ಲ. ಕೆಲವೊಮ್ಮೆ ಈಗ ಮುಟ್ಟುತ್ತೇನೆ ಎಂದು ಹೇಳಿ ಸುಮ್ಮನಿರುತ್ತಿದ್ದರು, ಕೆಲವೊಮ್ಮೆ ಹೇಳದೆಯೇ ಮುಟ್ಟಿಸುತ್ತಿದ್ದರು.

ರೋಗಿಗಳಿಗೆ ಅನಿಸಿದ್ದು ಹೆಚ್ಚಾಗಿ ಮರಗಟ್ಟಿದಂತೆ, ಜುಮ್ಮೆಂದಂತೆ, ಕರೆಂಟು ಹರಿದಂತೆ. ನೋವು ಎಂದವರು ತೀರಾ ಕಡಿಮೆ. ಬಟ್ಟೆ ಮುಟ್ಟಿದಂತಾಯಿತು, ನಾಣ್ಯ ಹಿಡಿದಂತಾಯಿತು ಎನ್ನುವ ಬಗೆಯ ವಸ್ತುವಿನ ಅನುಭವ ಬರುತ್ತಿರಲಿಲ್ಲ. ಜಾಗ ಮಾತ್ರ ಖಚಿತವಾಗಿರುತ್ತಿತ್ತು: ತೋರುಬೆರಳು, ನಡುಬೆರಳು, ತುಟಿ. ತಮ್ಮ ತಲೆಬುರುಡೆ ತೆರೆದಿರುವಾಗ ಎದೆಗೆಡದೆ ಗಮನವಿಟ್ಟು ಉತ್ತರ ಕೊಟ್ಟ ಈ ಜನರನ್ನು ವಿಜ್ಞಾನದ ಚರಿತ್ರೆ ‘ರೋಗಿಗಳು’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ. ನನ್ನ ಮಟ್ಟಿಗೆ ಅವರು ಆ ನಕ್ಷೆಯ ಸಹಲೇಖಕರು.

ಪೆನ್‌ಫೀಲ್ಡ್‌ರ ಕಿರಿಯ ಸಹೋದ್ಯೋಗಿ ಎಡ್ವಿನ್ ಬೋಲ್ಡ್ರಿ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಈ ದಾಖಲೆಗಳನ್ನು ಒಟ್ಟುಗೂಡಿಸಿದರು. 1937ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ ಹೊರಬಂತು. ಅದರಲ್ಲಿ ಚಿತ್ರಕಾರ್ತಿ ಹೊರ್ಟೆನ್ಸ್ ಕ್ಯಾಂಟ್ಲಿ ಬರೆದ ಒಂದು ಮನುಷ್ಯಾಕೃತಿಯಿತ್ತು, ಹೋಮಂಕ್ಯುಲಸ್. ಮಿದುಳಿನಲ್ಲಿ ಯಾವ ಅಂಗಕ್ಕೆ ಎಷ್ಟು ಜಾಗವಿದೆಯೋ ಆ ಅಂಗ ಅಷ್ಟು ದೊಡ್ಡದು. 1950ರ ಪುಸ್ತಕದಲ್ಲಿ ಅದು ಮತ್ತೆ ಹೊಸ ರೂಪದಲ್ಲಿ, ಮಿದುಳಿನ ಅಂಚಿನುದ್ದಕ್ಕೂ ಮಲಗಿದಂತೆ ಕಾಣಿಸಿಕೊಂಡಿತು. ದೊಡ್ಡ ತುಟಿ, ದೊಡ್ಡ ಹೆಬ್ಬೆರಳು, ಸಣಕಲು ಬೆನ್ನು. ಅದು ವಿಕಾರವಾಗಿ ಕಂಡರೂ ಅದಕ್ಕೆ ಕಾರಣವಿದೆ. ಒಂದು ಅಂಗೈ ಮತ್ತು ಅದರ ಬೆರಳುಗಳ ಒಳಬದಿಯ ಚರ್ಮದಲ್ಲಿ ಸ್ಪರ್ಶದ ಸುದ್ದಿ ಒಯ್ಯುವ ನರದೆಳೆಗಳು ಸುಮಾರು 17,000 ಇವೆ ಎಂದು ಸ್ವೀಡನ್ನಿನ ಯೊಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಲೆಕ್ಕ ಹಾಕಿದರು. ಬೆರಳ ತುದಿಯಲ್ಲಿ ಎರಡು ಮಿಲಿಮೀಟರ್ ಅಂತರದ ಎರಡು ಮೊನೆಗಳು ಎರಡಾಗಿಯೇ ತಿಳಿಯುತ್ತವೆ. ಬೆನ್ನ ಮೇಲೆ ಹಾಗೆ ತಿಳಿಯಲು ಕೆಲವು ಸೆಂಟಿಮೀಟರ್ ಅಂತರ ಬೇಕು.

ಈ ಚಿತ್ರ ಜಗತ್ತಿನ ಪಠ್ಯಪುಸ್ತಕಗಳನ್ನೆಲ್ಲ ಹೊಕ್ಕಿತು. ಇದು ನೆನಪಿಗೆ ನೆರವಾಗುವ ಚಿತ್ರ, ಅಳತೆಯ ನಕ್ಷೆಯಲ್ಲ ಎಂದು ಪೆನ್‌ಫೀಲ್ಡ್ ಎಚ್ಚರಿಸಿದ್ದರು. ಆ ಎಚ್ಚರಿಕೆ ಚಿತ್ರದ ಜೊತೆ ಪ್ರಯಾಣ ಮಾಡಲಿಲ್ಲ. ಹಲವು ಜನರ ಮಿದುಳಿನ ಬಿಂದುಗಳನ್ನು ಒಂದೇ ಹಾಳೆಯ ಮೇಲೆ ಪೇರಿಸಿ ಮಾಡಿದ ನಕ್ಷೆ ಅದು. ಹೀಗಾಗಿ ಇಡಿಯಾಗಿ ಯಾವ ಒಬ್ಬ ಮನುಷ್ಯನ ನಕ್ಷೆಯೂ ಅದಾಗಿರಲಿಲ್ಲ.

ಇತ್ತ ಪ್ರಾಣಿಗಳ ಮಿದುಳಿನಲ್ಲಿ ಕೂದಲಿಗಿಂತ ತೆಳುವಾದ ತಂತಿ ಇಳಿಸಿ ಒಂದೊಂದೇ ಜೀವಕೋಶದ ಸದ್ದು ಕೇಳುವ ಕಾಲ ಬಂದಿತ್ತು. 1979ರಲ್ಲಿ ಜಾನ್ ಕಾಸ್, ಮೈಕೆಲ್ ಮರ್ಜನಿಕ್, ರಾಂಡಲ್ ನೆಲ್ಸನ್ ಹಾಗೂ ಮೃಗಾಂಕ ಸುರ್ ಒಂದು ಮುಖ್ಯ ಸಂಗತಿ ತಿಳಿಸಿದರು. ಸುರ್ ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. ಕೋತಿಯ ಮಿದುಳಿನ ಸ್ಪರ್ಶದ ಮಡಿಕೆಯಲ್ಲಿ ಮೈಯ ನಕ್ಷೆ ಒಂದೇ ಅಲ್ಲ, ಅಕ್ಕಪಕ್ಕದಲ್ಲಿ ಹಲವು ಇವೆ, ಪಕ್ಕದ ಎರಡು ನಕ್ಷೆಗಳು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ತಿರುವುಮುರುವಾಗಿವೆ ಎಂದು ಅವರು ತೋರಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಮರ್ಜನಿಕ್ ತಂಡ ಇನ್ನೊಂದು ಹೆಜ್ಜೆ ಹೋಯಿತು. ಕೋತಿಯ ಒಂದು ಬೆರಳು ಇಲ್ಲವಾದರೆ ಮಿದುಳಿನಲ್ಲಿ ಅದರ ಜಾಗಕ್ಕೆ ಪಕ್ಕದ ಬೆರಳುಗಳು ಹರಡಿಕೊಳ್ಳುತ್ತವೆ ಎಂದರು. ನಕ್ಷೆ ಬದಲಾಗುತ್ತದೆ ಎಂಬ ಈ ಮಾತು ಮುಂದೆ ದೊಡ್ಡ ಜಗಳಕ್ಕೆ ಬೀಜವಾಯಿತು.

ಮನುಷ್ಯರ ತಲೆ ತೆರೆಯದೆಯೇ ಈ ನಕ್ಷೆಯನ್ನು ನೋಡಲಾಗುವುದೇ? ಉತ್ತರ ಎರಡು ದಾರಿಗಳಲ್ಲಿ ಬಂತು.

ಒಂದು, ಮಿದುಳಿನ ಕಾಂತಕ್ಷೇತ್ರ. ನರಕೋಶಗಳಲ್ಲಿ ಕರೆಂಟು ಹರಿದಾಗ ತಲೆಯ ಹೊರಗೆ ಅತಿ ಕ್ಷೀಣವಾದ ಕಾಂತಕ್ಷೇತ್ರ ಹುಟ್ಟುತ್ತದೆ, ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಕೋಟಿ ಪಟ್ಟು ಕ್ಷೀಣ. ಅದನ್ನು ಅಳೆಯಲು ಆಗ ಅತಿಶೀತದಲ್ಲಿ ಕೆಲಸ ಮಾಡುವ ಸ್ಕ್ವಿಡ್ ಎಂಬ ಸಂವೇದಕ ಬೇಕಿತ್ತು. 1978ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಬೆರಳಿಗೆ ಸಣ್ಣ ಕರೆಂಟು ಕೊಟ್ಟು, ಮಿದುಳು ಅದಕ್ಕೆ ಕೊಟ್ಟ ಕಾಂತೀಯ ಮಾರುತ್ತರವನ್ನು ಹಿಡಿದರು. 1993ರಲ್ಲಿ ಅದೇ ನಗರದಲ್ಲಿ, ಹುಟ್ಟಿನಿಂದ ಬೆರಳುಗಳು ಕೂಡಿಕೊಂಡಿದ್ದ ಇಬ್ಬರು ವಯಸ್ಕರನ್ನು ಈ ವಿಧಾನದಲ್ಲಿ ಪರೀಕ್ಷಿಸಲಾಯಿತು. ಶಸ್ತ್ರಚಿಕಿತ್ಸೆಗೆ ಮೊದಲು ಅವರ ಬೆರಳಿನ ನಕ್ಷೆ ಕಲಸಿಹೋದಂತಿತ್ತು. ಬೆರಳುಗಳನ್ನು ಬಿಡಿಸಿದ ಕೆಲವೇ ವಾರಗಳಲ್ಲಿ ಮಿದುಳಿನಲ್ಲೂ ಅವು ಕೆಲವು ಮಿಲಿಮೀಟರ್ ದೂರ ಸರಿದವು. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ತಂತಿವಾದ್ಯ ನುಡಿಸುವವರನ್ನು ಪರೀಕ್ಷಿಸಿದರು. ತಂತಿ ಒತ್ತುವ ಎಡಗೈ ಬೆರಳುಗಳಿಗೆ, ಅದರಲ್ಲೂ ಕಿರುಬೆರಳಿಗೆ, ಅವರ ಮಿದುಳಿನ ಉತ್ತರ ಉಳಿದವರಿಗಿಂತ ಜೋರಾಗಿತ್ತು. ಚಿಕ್ಕ ವಯಸ್ಸಿನಲ್ಲಿ ಕಲಿಕೆ ಶುರು ಮಾಡಿದವರಲ್ಲಿ ಇನ್ನೂ ಜೋರು.

ಎರಡನೆಯ ದಾರಿ ರಕ್ತದ್ದು. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ ಎಂದು ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಹೇಳಿದ್ದರು. 1936ರಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಬೇರೆಯೇ ಕುತೂಹಲದಿಂದ ರಕ್ತದ ಹಿಮೋಗ್ಲೋಬಿನ್ನನ್ನು ಕಾಂತದ ನಡುವೆ ಇಟ್ಟು ನೋಡಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತಕ್ಕೆ ಸೆಳೆಯಲ್ಪಡುವುದಿಲ್ಲ, ಆಮ್ಲಜನಕ ಕಳಚಿಕೊಂಡದ್ದು ಸೆಳೆಯಲ್ಪಡುತ್ತದೆ. ಬೋಲ್ಡ್ರಿ ಮಾಂಟ್ರಿಯಲ್‌ನಲ್ಲಿ ಬೆರಳುಗಳ ಬಿಂದುಗಳನ್ನು ಗುರುತು ಹಾಕುತ್ತಿದ್ದ ಕಾಲ ಅದು. ಈ ಎರಡು ಕೆಲಸಗಳು ಎಂದಾದರೂ ಒಂದೆಡೆ ಸೇರಬಹುದೆಂದು ಯೋಚಿಸಲು ಆಗ ಯಾರಿಗೂ ಕಾರಣವಿರಲಿಲ್ಲ.

ಅರ್ಧ ಶತಮಾನದ ನಂತರ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಪಾನಿ ವಿಜ್ಞಾನಿ ಸೇಜಿ ಒಗಾವಾ ಇಲಿಗಳ ಮಿದುಳನ್ನು, ಬಲವಾದ ಕಾಂತದಿಂದ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದಲ್ಲಿ ನೋಡುತ್ತಿದ್ದರು. ಇಲಿ ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಬದಲಾದಂತೆ ಚಿತ್ರದಲ್ಲಿ ರಕ್ತನಾಳಗಳ ಕಪ್ಪುಗೆರೆಗಳು ಮೂಡಿ ಮರೆಯಾಗುತ್ತಿದ್ದವು. ರಕ್ತದೊಳಗೆ ಇರುವುದನ್ನೇ ಬಣ್ಣವಾಗಿ ಬಳಸಬಹುದು, ಹೊರಗಿನಿಂದ ಏನನ್ನೂ ಚುಚ್ಚಬೇಕಿಲ್ಲ ಎಂದು 1990ರಲ್ಲಿ ಅವರು ಬರೆದರು. 1992ರಲ್ಲಿ ಬಾಸ್ಟನ್, ಮಿನೆಸೋಟ, ವಿಸ್ಕಾನ್ಸಿನ್‌ನ ಮೂರು ತಂಡಗಳು ಇದೇ ತತ್ವದ ಮೇಲೆ ಮನುಷ್ಯನ ಮಿದುಳಿನ ಚಟುವಟಿಕೆಯ ಚಿತ್ರಗಳನ್ನು ಪ್ರಕಟಿಸಿದವು. ಎಫ್‌ಎಂಆರ್‌ಐ ಹುಟ್ಟಿದ್ದು ಹೀಗೆ. ವಿಸ್ಕಾನ್ಸಿನ್‌ನವರು ತೋರಿಸಿದ್ದು ಬೆರಳು ಆಡಿಸುವಾಗಿನ ಚಿತ್ರವನ್ನು.

ಆದರೆ ಬೆರಳು ಎಂಬುದು ಒಂದು ಮಾತು, ಐದು ಬೆರಳು ಬೇರೆಯೇ ಮಾತು. 1.5 ಟೆಸ್ಲಾದ (ಟೆಸ್ಲಾ ಎಂಬುದು ಕಾಂತಕ್ಷೇತ್ರದ ಬಲದ ಅಳತೆ) ಸಾಮಾನ್ಯ ಯಂತ್ರಗಳಲ್ಲಿ ಬೆರಳುಗಳ ಗುರುತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಯಂತ್ರಕ್ಕೆ ಕಾಣುವುದು ನರಕೋಶವಲ್ಲ, ರಕ್ತ. ಕೆಲಸ ನಡೆದ ಜಾಗದಿಂದ ರಕ್ತ ಸಣ್ಣ ನಾಳಗಳಿಂದ ದೊಡ್ಡ ಅಭಿಧಮನಿಗೆ ಇಳಿದು ಹೋಗುತ್ತದೆ, ಸಂಕೇತ ಅಲ್ಲಿಯೂ ಜೋರಾಗಿ ಕಾಣುತ್ತದೆ. ಬೀದಿ ಕೊನೆಯ ಚರಂಡಿಯ ನೀರು ನೋಡಿ ಯಾವ ಮನೆಯಲ್ಲಿ ಪಾತ್ರೆ ತೊಳೆದರೆಂದು ಹೇಳಲು ಹೊರಟಂತಾಗುತ್ತಿತ್ತು. ಎರಡು ಸೆಂಟಿಮೀಟರಿನಲ್ಲಿ ಐದು ಮನೆಗಳಿರುವಾಗ ಇದು ಸಣ್ಣ ತೊಡಕಲ್ಲ.

ಇದಕ್ಕೆ ಬಲವಾದ ಕಾಂತ ಬೇಕಿತ್ತು. ಜೊತೆಗೆ ಜಾಣತನದ ಪ್ರಯೋಗವೂ ಬೇಕಿತ್ತು. ಎರಡೂ ಕೂಡಿಬಂದ ಜಾಗಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಒಂದು. ಎಂಆರ್‌ಐ ಚಿತ್ರವನ್ನು ಕ್ಷಣಾರ್ಧದಲ್ಲಿ ತೆಗೆಯುವ ವಿಧಾನವನ್ನು ರೂಪಿಸಿ 2003ರ ನೊಬೆಲ್ ಹಂಚಿಕೊಂಡ ಪೀಟರ್ ಮ್ಯಾನ್ಸ್‌ಫೀಲ್ಡ್ ಕೆಲಸ ಮಾಡಿದ್ದು ಅಲ್ಲಿಯೇ. ಅಲ್ಲಿನ 7 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು. ರೋಸಾ ಸಾಂಚೆಜ್ ಪಂಚುಯೆಲೊ, ಸೂಸನ್ ಫ್ರಾನ್ಸಿಸ್, ರಿಚರ್ಡ್ ಬೌಟೆಲ್, ಡೆನಿಸ್ ಶ್ಲುಪೆಕ್ 2010ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ, ಅದರ ಸರಳತೆಗಾಗಿ.

ಯಂತ್ರದೊಳಗೆ ಮಲಗಿದವರ ಐದು ಬೆರಳ ತುದಿಗಳಿಗೂ ಒಂದೊಂದು ಪುಟ್ಟ ಕಂಪಕ. ಹೆಬ್ಬೆರಳು ಕೆಲವು ಸೆಕೆಂಡು ಕಂಪಿಸುತ್ತದೆ, ನಂತರ ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು. ಮತ್ತೆ ಹೆಬ್ಬೆರಳಿನಿಂದ. ಮಿದುಳಿನಲ್ಲಿ ಬೆರಳುಗಳು ನಿಜವಾಗಿಯೂ ಸಾಲಾಗಿದ್ದರೆ ಚಟುವಟಿಕೆ ಅಲೆಯಂತೆ ಮಡಿಕೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು, ಮತ್ತೆ ಮೊದಲಿನಿಂದ ಶುರುವಾಗಬೇಕು. ಯಾವ ಚುಕ್ಕೆ ಎಷ್ಟು ತಡವಾಗಿ ಎಚ್ಚರಗೊಂಡಿತು ಎಂದು ನೋಡಿದರೆ ಅದು ಯಾವ ಬೆರಳಿನದೆಂದು ತಿಳಿಯುತ್ತದೆ. ಅಭಿಧಮನಿಯ ಗೊಂದಲ ಇದರಿಂದ ಪೂರ್ತಿ ಹೋಗದಿದ್ದರೂ ಬಹಳ ಮಟ್ಟಿಗೆ ತಗ್ಗುತ್ತದೆ. ದೃಷ್ಟಿಯ ನಕ್ಷೆ ಬರೆಯಲು 1990ರ ದಶಕದಲ್ಲಿ ಕಂಡುಕೊಂಡ ಉಪಾಯ ಇದು, ಇಲ್ಲಿ ಬೆರಳಿಗೆ ಬಂತು.

ಅಲೆ ಸಾಗಿತು. ಒಬ್ಬೊಬ್ಬರ ಮಿದುಳಿನಲ್ಲೂ ಐದು ಪಟ್ಟೆಗಳು ಬಿಡಿಬಿಡಿಯಾಗಿ, ಪೆನ್‌ಫೀಲ್ಡ್ ಹೇಳಿದ ಕ್ರಮದಲ್ಲಿಯೇ ಮೂಡಿದವು. ಆದರೆ ಒಬ್ಬರ ಪಟ್ಟೆ ಇನ್ನೊಬ್ಬರದಂತಿರಲಿಲ್ಲ, ಮಡಿಕೆಯ ತಿರುವೇ ಬೇರೆ, ಅಗಲ ಬೇರೆ. 1937ರಲ್ಲಿ ಹಲವರ ಮಿದುಳುಗಳನ್ನು ಪೇರಿಸಿ ಬರೆದದ್ದು ಈಗ ಒಬ್ಬ ಆರೋಗ್ಯವಂತ ಮನುಷ್ಯನಲ್ಲೇ, ತಲೆ ತೆರೆಯದೆ, ಕಾಣಿಸಿತು. ಇದೇ ತಂಡ 2012ರಲ್ಲಿ ಒಂದೇ ಬೆರಳಿನೊಳಗೆ ತುದಿ ಎಲ್ಲಿ, ಬುಡ ಎಲ್ಲಿ ಎಂದು ಬಿಡಿಸಿತು. ತುದಿಯಿಂದ ಬುಡ, ಮತ್ತೆ ಬುಡದಿಂದ ತುದಿ ಎಂದು ತಿರುವುಮುರುವಾಗುವ ಜಾಗವೂ ಸಿಕ್ಕಿತು. ಕಾಸ್, ಸುರ್ ಮತ್ತವರ ಸಂಗಡಿಗರು ಕೋತಿಯಲ್ಲಿ ತಂತಿ ಇಳಿಸಿ ಕಂಡ ಗಡಿ ಮನುಷ್ಯನಲ್ಲಿ ಗಾಯವಿಲ್ಲದೆ ಸಿಕ್ಕ ಗಳಿಗೆ ಅದು.

ಈ ಪ್ರಯೋಗದಲ್ಲಿ ಮಲಗಿದವರು ಏನನ್ನೂ ಹೇಳಬೇಕಿರಲಿಲ್ಲ. ಯಂತ್ರ ಅವರ ಮಾತಿನ ಜಾಗದಲ್ಲಿ ಕುಳಿತಂತೆ ತೋರುತ್ತಿತ್ತು. ಆದರೆ ಅದೇ ವೇಳೆಗೆ ಬೆರಳೇ ಇಲ್ಲದವರ ಕಥೆ ಮುಂಚೂಣಿಗೆ ಬಂತು.

1991ರಲ್ಲಿ ಟಿಮ್ ಪಾನ್ಸ್ ಮತ್ತು ಸಂಗಡಿಗರು, ಹನ್ನೆರಡು ವರ್ಷಗಳ ಹಿಂದೆ ತೋಳಿನ ಸ್ಪರ್ಶದ ನರಗಳನ್ನು ಕಡಿಯಲಾಗಿದ್ದ ಕೋತಿಗಳ ಮಿದುಳನ್ನು ಪರೀಕ್ಷಿಸಿದರು. ಕೈಯ ಜಾಗ ಮುಖವನ್ನು ಮುಟ್ಟಿದರೆ ಉತ್ತರಿಸುತ್ತಿತ್ತು. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಇದನ್ನೋದಿ, ತೋಳು ಕಳೆದುಕೊಂಡವನೊಬ್ಬನ ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಸವರಿದರು. ಇಲ್ಲದ ಹೆಬ್ಬೆರಳನ್ನು ಮುಟ್ಟಿದಂತಾಯಿತು ಎಂದು ಅವನು ಹೇಳಿದ. ತುಟಿಯ ಮೇಲೆ ಮುಟ್ಟಿದರೆ ಇಲ್ಲದ ತೋರುಬೆರಳು. ಮಿದುಳಿನಲ್ಲಿ ಕೈಯ ಪಕ್ಕದ ಮನೆ ಮುಖದ್ದು. ಕೈ ಖಾಲಿ ಮಾಡಿದ ಜಾಗಕ್ಕೆ ಮುಖ ನುಗ್ಗಿದೆ, ಇಲ್ಲದ ಕೈಯ ನೋವಿಗೂ ಅದೇ ಮೂಲವಿರಬಹುದು ಎಂಬ ವಿವರಣೆ ಜಗತ್ತಿನಾದ್ಯಂತ ಹಬ್ಬಿತು. ಇರುವ ಕೈಯನ್ನು ಕನ್ನಡಿಯಲ್ಲಿ ತೋರಿಸಿ ಇಲ್ಲದ ಕೈಯ ನೋವಿಗೆ ಸಮಾಧಾನ ತರುವ ರಾಮಚಂದ್ರನ್‌ರ ಚಿಕಿತ್ಸೆಯೂ ಜನಪ್ರಿಯವಾಯಿತು.

ನರವಿಜ್ಞಾನಿ ತಮಾರ್ ಮೇಕಿನ್ ಈ ವಿವರಣೆಯನ್ನು ಪ್ರಶ್ನಿಸಿದರು. ಕೈಯಿಲ್ಲದವರ ಬೆರಳಿಗೆ ಕಂಪಕ ಕಟ್ಟಲಾಗದು, ನಿಜ. ಆದರೆ ಅವರಲ್ಲಿ ಅನೇಕರಿಗೆ ತಮ್ಮ ಕೈ ಇನ್ನೂ ಇದೆ ಎನಿಸುತ್ತದೆ, ಅದನ್ನು ಆಡಿಸಬಲ್ಲೆವು ಎನ್ನುತ್ತಾರೆ. ಹಾಗಾದರೆ ಅವರ ಮಾತನ್ನೇ ನಂಬಿ, ಆಡಿಸಿ ಎಂದು ಏಕೆ ಹೇಳಬಾರದು? ಮೇಕಿನ್‌ರ 2013ರ ಅಧ್ಯಯನದಲ್ಲಿ ಇಲ್ಲದ ಕೈಯನ್ನು ಆಡಿಸಿದಾಗ ಕೈಯ ಜಾಗವೇ ಎಚ್ಚರಗೊಂಡಿತು, ನೋವು ಹೆಚ್ಚಿದ್ದವರಲ್ಲಿ ಇನ್ನೂ ಸ್ಪಷ್ಟವಾಗಿ. 2016ರಲ್ಲಿ ಸಾನ್ನೆ ಕಿಕ್ಕರ್ಟ್ ಮತ್ತು ಮೇಕಿನ್ ಮುಂತಾದವರು, ದಶಕಗಳ ಹಿಂದೆ ಕೈ ಕಳೆದುಕೊಂಡವರನ್ನು 7 ಟೆಸ್ಲಾ ಯಂತ್ರದಲ್ಲಿ ಮಲಗಿಸಿ, ಇಲ್ಲದ ಬೆರಳುಗಳನ್ನು ಒಂದೊಂದಾಗಿ ಆಡಿಸುವಂತೆ ಕೇಳಿದರು. ಐದು ಬೆರಳುಗಳು ತಮ್ಮ ತಮ್ಮ ಸಾಲಿನಲ್ಲಿ ಕಂಡವು.

ಇದು ಕೇವಲ ಪಂಡಿತರ ವಾದವಲ್ಲ. ಅದೇ 2016ರಲ್ಲಿ ಪಿಟ್ಸ್‌ಬರ್ಗಿನ ವೈದ್ಯರು, ಅಪಘಾತದಲ್ಲಿ ಕುತ್ತಿಗೆಯ ಕೆಳಗೆ ಬಹುಪಾಲು ಸ್ವಾಧೀನ ಕಳೆದುಕೊಂಡಿದ್ದ ನೇಥನ್ ಕೋಪ್‌ಲ್ಯಾಂಡ್ ಎಂಬವರ ಮಿದುಳಿನ ಬೆರಳಿನ ಜಾಗವನ್ನು ಮೊದಲು ಚಿತ್ರಣದಿಂದ ಗುರುತಿಸಿ, ಅಲ್ಲಿ ಪುಟ್ಟ ವಿದ್ಯುದ್ವಾರಗಳನ್ನು ಇಟ್ಟಿದ್ದನ್ನು ವರದಿ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಾಗ ಆ ವಿದ್ಯುದ್ವಾರಗಳಿಗೆ ಜೋಡಿಸಿದ್ದ ರೋಬಾಟ್ ಕೈಯ ಯಾವ ಬೆರಳನ್ನು ಮುಟ್ಟಿದರೆಂದು ಕೋಪ್‌ಲ್ಯಾಂಡ್ ನೂರಕ್ಕೆ 84 ಸಲ ಸರಿಯಾಗಿ ಹೇಳಿದರು. ನಕ್ಷೆ ಅಳಿಸಿಹೋಗಿದ್ದರೆ ಇದು ಆಗುತ್ತಿರಲಿಲ್ಲ.

ಆದರೂ ಒಂದು ಕೊರತೆ ಉಳಿದಿತ್ತು. ಕೈಯಿಲ್ಲದವರನ್ನು ಬೇರೆ ಜನರೊಡನೆ ಹೋಲಿಸಲಾಗುತ್ತಿತ್ತು, ಕೈಯಿದ್ದಾಗಿನ ಅವರೊಡನೆಯೇ ಅಲ್ಲ. ಹಂಟರ್ ಶೋನ್, ಮೇಕಿನ್, ಕ್ರಿಸ್ ಬೇಕರ್ ಅದನ್ನೂ ಮಾಡಿದರು. ವೈದ್ಯಕೀಯ ಕಾರಣಕ್ಕೆ ತೋಳು ತೆಗೆಸಿಕೊಳ್ಳಬೇಕಾಗಿ ಬಂದ ಮೂವರು, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಯಂತ್ರದಲ್ಲಿ ಮಲಗಿ ಬೆರಳು ಆಡಿಸಿದರು, ತುಟಿ ಆಡಿಸಿದರು. ನಂತರ ತಿಂಗಳುಗಳು, ವರ್ಷಗಳು ಕಳೆದಂತೆ ಮತ್ತೆ ಬಂದು, ಈಗ ಇಲ್ಲದ ಬೆರಳನ್ನು ಆಡಿಸಿದರು. 2025ರಲ್ಲಿ ಫಲಿತಾಂಶ ಬಂತು. ಬೆರಳುಗಳ ನಕ್ಷೆ ಮೊದಲಿನಂತೆಯೇ ಇತ್ತು. ತುಟಿ ತನ್ನ ಜಾಗ ಬಿಟ್ಟು ಬಂದಿರಲಿಲ್ಲ. ಕೈಯಿದ್ದಾಗಿನ ದಾಖಲೆಯಿಂದ ಕಲಿತ ಕಂಪ್ಯೂಟರ್, ಕೈ ಹೋದ ಮೇಲೆ ಅವರು ಆಡಿಸುತ್ತಿರುವುದು ಯಾವ ಬೆರಳೆಂದು ಗುರುತಿಸಿತು.

ಮೂವರೆಂದರೆ ಮೂವರೇ. ಕೋತಿಯಲ್ಲಿ ಮರ್ಜನಿಕ್, ಪಾನ್ಸ್ ಕಂಡದ್ದೂ ಸುಳ್ಳಲ್ಲ. ಹೊರಗಿನಿಂದ ಮುಟ್ಟಿ ಅಳೆದದ್ದಕ್ಕೂ ಒಳಗಿನಿಂದ ಆಡಿಸಿ ಅಳೆದದ್ದಕ್ಕೂ ವ್ಯತ್ಯಾಸವಿದೆ, ವಿಜ್ಞಾನಿಗಳು ಇದರ ಬಗ್ಗೆ ಇನ್ನೂ ವಾದಿಸುತ್ತಿದ್ದಾರೆ. ನಾನು ಮೇಕಿನ್‌ರ ಕಡೆಗೆ ವಾಲುತ್ತೇನೆ. ಕೈ ಇನ್ನೂ ಇದ್ದಂತಿದೆ ಎಂದು ಕೈ ಕಳೆದುಕೊಂಡವರು ಮೊದಲಿನಿಂದಲೂ ಹೇಳುತ್ತಿದ್ದರು, ಮತ್ತು ಈಗ ಸಿಕ್ಕ ಪುರಾವೆ ಅವರ ಮಾತಿಗೆ ಹೊಂದುತ್ತದೆ. ಚಿಕಿತ್ಸೆಯ ದಿಕ್ಕೂ ಇದರೊಂದಿಗೆ ಬದಲಾಗುತ್ತಿದೆ. ಕೆಟ್ಟ ನಕ್ಷೆಯನ್ನು ಸರಿಪಡಿಸುವುದೇ ಗುರಿ ಎಂದುಕೊಂಡಿದ್ದ ವಿಧಾನಗಳಿಗೆ, ನಕ್ಷೆ ಕೆಟ್ಟೇ ಇಲ್ಲವಾದರೆ, ಆಧಾರ ಸಡಿಲವಾಗುತ್ತದೆ. ಆಗ ಗಮನ ಹರಿಯುವುದು ತೋಳಿನ ಕಡೆಗೆ, ತುಂಡಾದ ನರಗಳ ತುದಿಗಳಿಗೆ. ಆ ತುದಿಗಳನ್ನು ಸುಮ್ಮನೆ ಬಿಡದೆ ಹತ್ತಿರದ ಸ್ನಾಯುವಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಈಗ ಅಂಗ ತೆಗೆಯುವ ಹೊತ್ತಿನಲ್ಲೇ ಮಾಡತೊಡಗಿದ್ದಾರೆ.